ತೋಳು ಸಾಲದ ಸ್ವೆಟರು
ನಮ್ಮ ದೊಡ್ಡಮ್ಮನ ಕೈಗೆ ಹೆಣಿಗೆ ಕಡ್ಡಿ ಕೊಟ್ಟವರು ಯಾರೋ, ಅವರನ್ನು ನಾನು ಹುಡುಕುತ್ತಿದ್ದೇನೆ. ಬಳಗದಲ್ಲಿ ದೊಡ್ಡಮ್ಮನ ಸ್ವೆಟರು ಸಿಗದವರೇ ಇಲ್ಲ. ಚಿಕ್ಕಪ್ಪನದರಲ್ಲಿ ತಲೆ ತೂರುವುದಿಲ್ಲ, ಅತ್ತಿಗೆಯದು ಮೊಣಕಾಲು ಮುಟ್ಟುತ್ತದೆ, ನನ್ನದರ ತೋಳು ಮೊಣಕೈಗೇ ಮುಗಿಯುತ್ತದೆ, ಅದೂ ನಾಲ್ಕನೇ ಸಲ! ನಮ್ಮಣ್ಣನೊಬ್ಬನಿಗೆ ಮಾತ್ರ ಹೇಗೋ ಸರಿಹೋಯಿತು, ಪುಣ್ಯವಂತ. "ಅಳತೆ ತಗೊಳ್ಳಬಾರದಾ?" ಎಂದು ರೇಗಿದರೆ, "ಎತ್ತಿ ಆಡಿಸಿದ ಮಕ್ಕಳಿಗೆ ಅಳತೆ ಏನೋ? ನಾನೇನು ದರ್ಜಿಯಾ?" ಎಂದು ನನ್ನ ಮೇಲೇ ಹಾರುತ್ತಾರೆ. ಬಿಚ್ಚಿಸಲು ಮತ್ತೆ ನಾವೇ ಅವರ ಮನೆಗೆ ಹೋಗಬೇಕು. ಎರಡೂ ಕೈ ಮುಂದೆ ಚಾಚಿ ಗೂಟದಂತೆ ಕೂರಬೇಕು. ಬಿಚ್ಚಿದ ನೂಲನ್ನು ನಮ್ಮ ಕೈಗೆ ಸುತ್ತುತ್ತಾ ಅವರು ಮನೆಮಂದಿಯ ಸುದ್ದಿಯೆಲ್ಲ ಕೇಳುತ್ತಾರೆ. ಫೋನು ಬಂದರೂ ಎತ್ತುವ ಹಾಗಿಲ್ಲ! ಕಳೆದ ಭಾನುವಾರ ಹಾಗೆ ಕೂತಿದ್ದಾಗ ಉಣ್ಣೆಯ ಬುಟ್ಟಿಯಲ್ಲಿ ಒಂದು ಚೀಟಿ ಕಂಡಿತು. ಅದರಲ್ಲಿ ಎಲ್ಲರ ಅಳತೆಯೂ ಇತ್ತು. ನನ್ನ ತೋಳಿನದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. "ಏನಿದು ದೊಡ್ಡಮ್ಮ?" ಎಂದು ಕೂಗಿದೆ. ಅವರು ತಲೆ ಎತ್ತಲೂ ಇಲ್ಲ. "ನಿಮ್ಮಣ್ಣನಿಗೆ ಸರಿಯಾಗಿ ಹೆಣೆದುಕೊಟ್ಟೆ. ಆಮೇಲೆ ಒಂದು ದಿನ ಈ ಕಡೆ ತಲೆ ಹಾಕಿದ್ದಾನಾ? ಕೈ ಅಲ್ಲಾಡಿಸಬೇಡ, ನೂಲು ಗಂಟಾಗುತ್ತೆ."