ಗುಂಗುರನ ಕೂದಲು

ಕನ್ನಡಕದ ಅಂಗಡಿಯಲ್ಲಿ ಕನ್ನಡಿಗೇನು ಬರ? ಗೋಡೆಯುದ್ದಕ್ಕೂ ಕನ್ನಡಿ, ಕಂಬಗಳಿಗೆ ಕನ್ನಡಿ, ಮೇಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ವಾಲುವ ಪುಟ್ಟ ಕನ್ನಡಿಗಳು. ಬಂದವರ ಮೂಗಿನ ಮೇಲೆ ಫ್ರೇಮ್ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಒತ್ತುತ್ತಿದೆಯೇ ಎಂದು ವಿಚಾರಿಸಿ, "ಒಂದ್ಸಲ ನೋಡ್ಕೊಳ್ಳಿ" ಎಂದು ಕನ್ನಡಿ ತಿರುಗಿಸುವುದು ಅವನ ಕೆಲಸ. ಅವರು ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ಹಿಂದೆ ನಿಂತ ಅವನು ತನ್ನ ನೆತ್ತಿ ನೋಡಿಕೊಳ್ಳುತ್ತಿದ್ದ. ಇಪ್ಪತ್ತೆರಡು ತುಂಬುವ ಹೊತ್ತಿಗೆ ಹಣೆ ಎರಡೂ ಕಡೆಯಿಂದ ಮೇಲೇರತೊಡಗಿತ್ತು. ಇಪ್ಪತ್ತೈದಕ್ಕೆ ಹಣೆ ಎಲ್ಲಿ ಮುಗಿಯುತ್ತದೆ, ತಲೆ ಎಲ್ಲಿ ಶುರುವಾಗುತ್ತದೆ ಎಂಬುದು ಅವನಿಗೇ ಗೊತ್ತಾಗುತ್ತಿರಲಿಲ್ಲ.

ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗುಂಗುರ ಎಂದು. ಚಿಕ್ಕಂದಿನಲ್ಲಿ ಬಾಚಣಿಗೆ ಒಳಹೊಕ್ಕರೆ ಹೊರಗೆ ಬರದಷ್ಟು ದಟ್ಟ ಗುಂಗುರು ಕೂದಲು. ಶಾಲೆಯಲ್ಲಿ ಇಟ್ಟ ಹೆಸರು ಬೀದಿಗೆ ಬಂತು, ಬೀದಿಯಿಂದ ಅಂಗಡಿಗೂ ಬಂತು. ಕೂದಲು ಹೋಯಿತು, ಹೆಸರು ಹೋಗಲಿಲ್ಲ. ಮಾಲೀಕರು "ಗುಂಗುರಾ, ಇವರಿಗೆ ಫ್ರೇಮ್ ತೋರ್ಸು" ಎಂದಾಗ ಗಿರಾಕಿಗಳು ಅವನನ್ನೊಮ್ಮೆ ನೋಡಿ, ಅವನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಇನ್ನೊಮ್ಮೆ ನೋಡುತ್ತಿದ್ದರು.

ಮನೆಯಲ್ಲಿ ಅಪ್ಪನಿಗೆ ತಲೆತುಂಬ ಕೂದಲು. ಬಸ್ಸು ಓಡಿಸಿ ನಿವೃತ್ತರಾಗಿದ್ದ ಅವರು ಬೆಳಿಗ್ಗೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ, ಯಾರಾದರೂ ಬಾಗಿಲು ತಟ್ಟಿದರೆ ಇನ್ನೊಮ್ಮೆ ಬಾಚಿಕೊಳ್ಳುತ್ತಿದ್ದರು. ಬೋಳು ಬಂದದ್ದು ಅಮ್ಮನ ಕಡೆಯಿಂದ. ಸೋದರಮಾವನ ತಲೆ ಮೂವತ್ತು ದಾಟುವಷ್ಟರಲ್ಲಿ ಬೆಳಗಿಟ್ಟ ತಂಬಿಗೆಯಂತಾಗಿತ್ತು.

"ನಮ್ಮ ವಂಶದಲ್ಲಿ ಮುದುಕರಾದ್ರೂ ಯಾರೂ ನೆತ್ತಿ ತೋರ್ಸಿದವರಿಲ್ಲ," ಎನ್ನುತ್ತಿದ್ದರು ಅಪ್ಪ. "ಇದು ನಿಮ್ಮಣ್ಣ ಕೊಟ್ಟ ಉಡುಗೊರೆ."

"ಬುದ್ಧಿನೂ ನಮ್ಮ ಕಡೆಯಿಂದಲೇ ಬಂದಿದ್ದು. ಅದನ್ನ ಮಾತ್ರ ಯಾರೂ ಹೇಳಲ್ಲ," ಎನ್ನುತ್ತಿದ್ದಳು ಅಮ್ಮ.

ಮಾವ ಬಂದಾಗಲೆಲ್ಲ ತನ್ನ ತಲೆ ಸವರಿಕೊಂಡು, "ತಲೆ ಕೆಡಿಸ್ಕೋಬೇಡ ಅಳಿಯ, ಕೆಡೋಕೆ ಅಲ್ಲಿ ಏನಿದೆ," ಎಂದು ನಗುತ್ತಿದ್ದ. ಮಾವನಿಗೆ ಉದುರಿದ್ದು ಮದುವೆಯಾಗಿ ಎರಡು ಮಕ್ಕಳಾದ ಮೇಲೆ. ಅವನು ನಗಬಹುದಿತ್ತು.

ಅಮ್ಮ ಈರುಳ್ಳಿ ಅರೆದು ರಸ ಹಚ್ಚಿದಳು. ಗಿರಾಕಿಗಳು ಫ್ರೇಮ್ ಹಾಕಿಸಿಕೊಳ್ಳುವಾಗ ಉಸಿರು ಬಿಗಿಹಿಡಿದದ್ದು ಕಂಡು ಮಾಲೀಕರು, "ಇದು ಕನ್ನಡಕದ ಅಂಗಡಿನೋ, ಹೋಟೆಲ್ ಅಡುಗೆಮನೆನೋ," ಎಂದು ಕೇಳಿದ ಮೇಲೆ ಅದು ನಿಂತಿತು. ಆಮೇಲೆ ಯಾರೋ ಹೇಳಿದ ಎಣ್ಣೆ, ಇನ್ಯಾರೋ ಹೇಳಿದ ಮಾತ್ರೆ. ಪ್ರತಿ ಹೊಸ ಸೀಸೆಯೂ ಮನೆಗೆ ಆಸೆ ಹೊತ್ತು ಬಂದು, ಅರ್ಧ ಖಾಲಿಯಾಗಿ ಬಚ್ಚಲಮನೆಯ ಗೂಡು ಸೇರುತ್ತಿತ್ತು. ಕೂದಲು ಮಾತ್ರ ಯಾರ ಮುಲಾಜಿಗೂ ನಿಲ್ಲಲಿಲ್ಲ. ಉಳಿದ ನಾಲ್ಕೆಳೆಯನ್ನು ಎಡಕಿವಿಯ ಮೇಲಿನಿಂದ ಬಲಕಿವಿಯವರೆಗೆ ಎಳೆದು ಕೂರಿಸುವುದು ಬೆಳಗಿನ ಕೆಲಸವಾಯಿತು. ಬಸ್ಸಿನಲ್ಲಿ ಕಿಟಕಿ ಬಿಟ್ಟು ಕೂತ. ಮಳೆಯಿಲ್ಲದ ದಿನವೂ ಕೊಡೆ ಹಿಡಿದ. ಇಡೀ ದಿನ ತುಂಬಿದ ಕೊಡ ಹೊತ್ತವನಂತೆ ಇದ್ದು, ಸಂಜೆ ಮನೆಗೆ ಬಂದಾಗ ಕತ್ತು ನೋಯುತ್ತಿತ್ತು.

ಅಪ್ಪನ ಕಣ್ಣಿಗೆ ಪೊರೆ ಬಂದು ಆಸ್ಪತ್ರೆಗೆ ಕರೆದೊಯ್ದ ದಿನ ನಡೆದದ್ದು ಇಷ್ಟೇ. ಚೀಟಿ ಬರೆಯುತ್ತಿದ್ದ ನರ್ಸ್ ಇಬ್ಬರನ್ನೂ ನೋಡಿ, "ಜೊತೆಗೆ ಬಂದಿರೋರು ನಿಮ್ಮ ತಮ್ಮನಾ?" ಎಂದಳು. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. ಅಪ್ಪ ಅಂಗೈಯಿಂದ ಕೂದಲು ಸವರಿಕೊಂಡರು. ಆಮೇಲೆ, "ಡಾಕ್ಟರ್ ಬರೋದು ಎಷ್ಟು ಹೊತ್ತಾಗುತ್ತೆ?" ಎಂದು ಕೇಳಿದರು. ತಿದ್ದಲಿಲ್ಲ. ಮನೆಗೆ ಬರುವಾಗ ಬಸ್ಸಿಳಿಯುತ್ತ ಅಪ್ಪ, "ಆ ಹುಡುಗಿಗೆ ಕಣ್ಣು ಸರಿ ಇಲ್ಲ ಕಣೋ. ಅಲ್ಲೇ ತೋರ್ಸ್ಕೋಬಹುದು," ಎಂದರು. ಗುಂಗುರ ತಲೆಯಾಡಿಸಿದ.

ಅದಾದ ಮೇಲೆಯೇ ಅವನು ವಿಗ್ ಕೊಂಡದ್ದು. "ಯಾರಿಗೂ ಒಂದು ಕೂದಲೆಳೆಯಷ್ಟು ಅನುಮಾನ ಬರಲ್ಲ," ಎಂದಿದ್ದ ಅಂಗಡಿಯವನು. ನುಣ್ಣಗೆ ಹಿಂದಕ್ಕೆ ಬಾಚಿದ, ನೇರ ಕೂದಲಿನ ವಿಗ್ ಅದು, ಗುಂಗುರು ಇರಲಿಲ್ಲ. ಮಾವ ಅದನ್ನು ನೋಡಿ, "ಬೇರೆಯವರಿಗೆ ಟೋಪಿ ಹಾಕೋರನ್ನ ನೋಡಿದ್ದೆ, ತನಗೆ ತಾನೇ ಹಾಕ್ಕೊಂಡೋನನ್ನ ಇವತ್ತು ನೋಡ್ದೆ," ಎಂದ. ಹಳೆಯ ಅಂಗಡಿಗೆ ಅದನ್ನು ಹಾಕಿಕೊಂಡು ಹೋಗುವ ಧೈರ್ಯ ಬರಲಿಲ್ಲ. ಊರಿನ ಆ ತುದಿಯಲ್ಲಿದ್ದ ಇನ್ನೊಂದು ಕನ್ನಡಕದ ಅಂಗಡಿಗೆ ಸೇರಿದ. ಎರಡು ಬಸ್ಸು ಬದಲಿಸಬೇಕಿತ್ತು. ಆದರೆ ಅಲ್ಲಿ ಅವನನ್ನು ಗುಂಗುರ ಎನ್ನುವವರು ಯಾರೂ ಇರಲಿಲ್ಲ.

ಹೊಸ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದವಳು ಅವನಿಗಿಂತ ಒಂದೆರಡು ವರ್ಷಕ್ಕೆ ಚಿಕ್ಕವಳು. ದಪ್ಪ ಗಾಜಿನ ಕನ್ನಡಕ, ಮೆಲುದನಿ, ಚೂಪು ಮಾತು. ಮೂರು ಫ್ರೇಮ್ ಆರಿಸಿ ಒಂದೂ ಕೊಳ್ಳದೆ ಹೋದವರ ಬೆನ್ನ ಹಿಂದೆ, "ಪಾಪ, ದೃಷ್ಟಿ ಚೆನ್ನಾಗೇ ಇದೆ. ಬೆಲೆ ಕಾಣ್ಸಿತು," ಎನ್ನುತ್ತಿದ್ದಳು. ಮಧ್ಯಾಹ್ನ ಒಳಗಿನ ಕೋಣೆಯಲ್ಲಿ, ಲೆನ್ಸ್ ಉಜ್ಜುವ ಯಂತ್ರದ ಪಕ್ಕ ಇಬ್ಬರೂ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಅವಳ ಮಾತಿಗೆ ಅವನಿಗೆ ನಗು ಉಕ್ಕುತ್ತಿತ್ತು. ಆದರೆ ತಲೆ ಹಿಂದಕ್ಕೆ ಚೆಲ್ಲಿ ನಗುವಂತಿರಲಿಲ್ಲ. ವಿಗ್ಗಿನ ಹಿಂಬದಿಯ ಅಂಟು ಬಿಡುತ್ತಿತ್ತು.

"ಕೆರೆ ಏರಿ ಮೇಲೆ ಸಂಜೆ ಗಾಳಿ ಚೆನ್ನಾಗಿರುತ್ತೆ. ರಜಾದಿನ ಬರ್ತೀರಾ?" ಎಂದು ಅವಳೇ ಒಮ್ಮೆ ಕೇಳಿದಳು.

ಗಾಳಿ ಎಂಬ ಮಾತು ಕೇಳಿಯೇ ಅವನ ಕೈ ನೆತ್ತಿಗೆ ಹೋಯಿತು. "ಮನೇಲಿ ಸ್ವಲ್ಪ ಕೆಲಸ ಇದೆ," ಎಂದ.

ಮತ್ತೊಮ್ಮೆ ಕೇಳಿದಳು, ಆಗಲೂ ಮನೆಯಲ್ಲಿ ಕೆಲಸವಿತ್ತು. ಅವಳ ಗೆಳತಿಯರೆಲ್ಲ ದೋಣಿಯಲ್ಲಿ ಹೊರಟು ಅವನನ್ನೂ ಕರೆದಾಗ ಅವನಿಗೆ ನೆಗಡಿ ಬಂತು. ಆಮೇಲೆ ಅವಳು ಕೇಳಲಿಲ್ಲ.

ಮನೆಯಲ್ಲಿ ನಿಜಕ್ಕೂ ಕೆಲಸವಿರುತ್ತಿತ್ತು. ಅಂಟು ಬಿಡಿಸಬೇಕು, ಚರ್ಮ ಒರೆಸಬೇಕು, ವಿಗ್ ತೊಳೆದು ಮಗುಚಿದ ಪಾತ್ರೆಯ ಮೇಲೆ ಒಣಗಿಸಬೇಕು. ಒಂದು ಬೆಳಿಗ್ಗೆ ಹಾಲು ಕಾಯಿಸಲು ಬಂದ ಅಮ್ಮ ಅದನ್ನು ಬೆಕ್ಕೆಂದು ತಿಳಿದು ಪೊರಕೆ ಎತ್ತಿದ್ದಳು. "ಮನೆಗೊಂದು ತಲೆ ಹೆಚ್ಚಾಯ್ತು, ದುಡಿಮೆ ಮಾತ್ರ ಅಷ್ಟೇ," ಎಂದರು ಅಪ್ಪ. ಗುಂಗುರನಿಗೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. ಬೆಳಿಗ್ಗೆ ಎದ್ದರೆ ಮತ್ತೆ ಅಂಟಿಸಬೇಕಲ್ಲ ಎಂದು ಮಲಗುವಾಗಲೇ ಸುಸ್ತಾಗುತ್ತಿತ್ತು.

ಬೇಸಿಗೆಯಲ್ಲಿ ಅಂಟಿನ ಕೆಳಗೆ ಗುಳ್ಳೆ ಎದ್ದವು. ತುರಿಸುವಂತಿಲ್ಲ, ಬಿಡುವಂತಿಲ್ಲ. ಕೀವು ಕಾಣಿಸಿಕೊಂಡ ಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದ.

"ವಾಸಿಯಾಗೋ ತನಕ ಇದನ್ನ ಮುಟ್ಟಬೇಡಿ," ಎಂದರು ಡಾಕ್ಟರು. "ಗಾಳಿ ಆಡ್ಬೇಕು."

"ಕೆಲ್ಸಕ್ಕೆ ಹೋಗೋದು ಹೇಗೆ?"

"ಎಲ್ರೂ ಹೋಗೋ ಹಾಗೆ."

ರಜೆ ಹಾಕೋಣವೆಂದುಕೊಂಡ. ಏನು ಕಾರಣ ಹೇಳುವುದು? ನೆಗಡಿ, ಜ್ವರ, ದೂರದ ನೆಂಟರ ಸಾವು, ಒಂದೊಂದನ್ನೇ ಮನಸ್ಸಿನಲ್ಲಿ ಎತ್ತಿ ನೋಡಿದ. ಒಂದು ಸುಳ್ಳು ಹೇಳಿದರೆ ಅದನ್ನು ಸಾಕಬೇಕು. ಇನ್ನೊಂದನ್ನು ಸಾಕುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಮರುದಿನ ತಲೆಗೆ ಮುಲಾಮು ಹಚ್ಚಿಕೊಂಡು, ಹಾಗೆಯೇ ಬಸ್ಸು ಹತ್ತಿದ. ಅದರಲ್ಲಿ ಧೈರ್ಯವೇನೂ ಇರಲಿಲ್ಲ.

ಅಂಗಡಿಯ ಮಾಲೀಕರು ಕತ್ತೆತ್ತಿ ನೋಡಿ, ಕೆಮ್ಮಿ, ಪೇಪರಿನೊಳಗೆ ಇಳಿದರು. ಬಿಲ್ಲಿನವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಅಷ್ಟರಲ್ಲಿ ಹಿಂದಿನ ವಾರ ಫ್ರೇಮ್ ಕೊಂಡಿದ್ದ ಮೇಷ್ಟರೊಬ್ಬರು ಬಂದರು. ಕಡ್ಡಿ ಸಡಿಲವಾಗಿತ್ತು.

"ಅವತ್ತು ಇನ್ನೊಬ್ಬ ಹುಡುಗ ಇದ್ನಲ್ಲಪ್ಪಾ, ಕಪ್ಪು ಕೂದಲಿನೋನು. ಅವನನ್ನ ಕರೀರಿ. ಅವನೇ ಅಳತೆ ನೋಡಿದ್ದು."

ಗುಂಗುರನ ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ನಿಂತಿತು. "ಅವನು ಕೆಲಸ ಬಿಟ್ಟ, ಮೇಷ್ಟ್ರೇ," ಎಂದ.

"ಯಾಕೆ? ಒಳ್ಳೆ ಹುಡುಗ."

"ಒಳ್ಳೆಯವನೇ," ಎಂದಳು ಬಿಲ್ಲಿನವಳು ಬರೆಯುತ್ತಿದ್ದ ಕಡೆಯಿಂದ ತಲೆ ಎತ್ತದೆ. "ಆದ್ರೆ ಎಲ್ಲಿಗೆ ಕರೆದ್ರೂ ಬರ್ತಿರಲಿಲ್ಲ. ಮನೇಲಿ ಬಹಳ ಕೆಲಸ ಪಾಪ."

ಮೇಷ್ಟರು ಹೋದ ಮೇಲೆ ಅವನು ನಕ್ಕ. ಬಹಳ ದಿನದ ಮೇಲೆ ತಲೆ ಹಿಂದಕ್ಕೆ ಹಾಕಿಯೇ ನಕ್ಕ. ಅವಳೂ ನಕ್ಕಳು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಕೇಳಿದ:

"ನಿಮಗೆ ಮೊದಲೇ ಗೊತ್ತಿತ್ತಾ?"

"ನೀವು ಬಂದ ವಾರದಲ್ಲೇ. ಫ್ಯಾನ್ ಜೋರಾಗಿ ಹಾಕಿದ್ವಿ. ಬಿಲ್ಲು ಹಾರ್ತಿತ್ತು, ಪರದೆ ಹಾರ್ತಿತ್ತು. ನಿಮ್ಮ ಕೂದಲು ಮಾತ್ರ ಮದುವೆ ಫೋಟೋದಲ್ಲಿ ನಿಂತ ಹಾಗೆ ನಿಂತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳೋ ಮಾತಾ ಅದು? ನೀವೇ ಹೇಳ್ತೀರ ಅಂದ್ಕೊಂಡೆ."

ಅವನು ಡಬ್ಬಿಯ ಮುಚ್ಚಳ ಬದಿಗಿಟ್ಟು, "ಈ ಸಲ ರಜಾದಿನ ಏರಿ ಕಡೆ ಹೋಗೋಣ್ವಾ?" ಎಂದ.

ಅವಳು ತುತ್ತು ಕೈಯಲ್ಲಿ ಹಿಡಿದೇ ಅವನನ್ನು ನೋಡಿದಳು. ದಪ್ಪ ಗಾಜಿನ ಹಿಂದೆ ಕಣ್ಣುಗಳು ಚಿಕ್ಕದಾಗಿ ಕಾಣುತ್ತಿದ್ದವು. "ಮನೇಲಿ ಬೇರೆ ಕಡೆ ಮಾತಾಗಿದೆ. ಹೋದ ತಿಂಗಳು. ನಾನೂ ಹೂಂ ಅಂದೆ." ಆಮೇಲೆ ಮೆಲ್ಲಗೆ, "ಕೂದಲಿಗಲ್ಲ. ನೀವು ಬೇಡ ಅಂತಲೇ ಇದ್ರಿ. ಕೇಳಿ ಕೇಳಿ ನನಗೂ ಸುಸ್ತಾಗಲ್ವಾ?"

"ಆಗುತ್ತೆ," ಎಂದ ಅವನು. ಸುಸ್ತು ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ತನ್ನ ಡಬ್ಬಿಯ ಪಲ್ಯದಲ್ಲಿ ಅರ್ಧವನ್ನು ಅವನ ಡಬ್ಬಿಯ ಮುಚ್ಚಳಕ್ಕೆ ಹಾಕಿದಳು. ಇಬ್ಬರೂ ಊಟ ಮುಗಿಸಿದರು.

ಸಂಜೆ ಬಸ್ಸಿಳಿದವನು ನೇರ ಮನೆಗೆ ಹೋಗಲಿಲ್ಲ. ಬೀದಿಯ ಕೊನೆಯಲ್ಲಿದ್ದ ಕ್ಷೌರದ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತ. ಕ್ಷೌರಿಕ ಬಿಳಿ ಬಟ್ಟೆ ಹೊದಿಸಿ, ಕಿವಿಯ ಸುತ್ತ ಉಳಿದಿದ್ದ ಬೇಲಿಯನ್ನು ನೋಡಿ, "ಹೇಗೆ ಮಾಡ್ಲಿ?" ಎಂದ.

"ಇರೋದನ್ನೆಲ್ಲ ತೆಗೆದುಬಿಡಿ. ಮೇಲೆ ಗುಳ್ಳೆ ಇದೆ, ಅಲ್ಲಿ ಮೆತ್ತಗೆ."

"ಆಯ್ತು," ಎಂದು ಅವನು ಒಂದು ಕೈಯಿಂದ ತಲೆ ಹಿಡಿದು ಮುಂದಕ್ಕೆ ಬಾಗಿಸಿದ. ಆ ತಲೆಯನ್ನು ಅಮ್ಮನೂ ಡಾಕ್ಟರೂ ಬಿಟ್ಟರೆ ಇನ್ನೊಬ್ಬರು ಮುಟ್ಟಿ ವರ್ಷಗಳಾಗಿದ್ದವು. ಕೈ ಬೆಚ್ಚಗಿತ್ತು, ಅವಸರವಿರಲಿಲ್ಲ. ಮಷಿನ್ನು ಕತ್ತಿನಿಂದ ಮೇಲಕ್ಕೆ ಗುಂಯ್ಗುಡುತ್ತ ಹೋಯಿತು. ಗುಂಗುರನ ಗದ್ದ ಎದೆಗೆ ತಾಗಿತು. ಎರಡನೆಯ ಬದಿ ಮುಗಿಯುವಷ್ಟರಲ್ಲಿ ಅವನು ನಿದ್ದೆಹೋಗಿದ್ದ.

ಕಾಯುತ್ತಿದ್ದವನೊಬ್ಬ ಪೇಪರ್ ಮಡಚಿ ಎದ್ದ. ಕ್ಷೌರಿಕ ತುಟಿಯ ಮೇಲೆ ಬೆರಳಿಟ್ಟು, ಪಕ್ಕದ ಕುರ್ಚಿ ತೋರಿಸಿದ.