ಕೌದಿಯ ನಾಲ್ಕನೆಯ ಮೂಲೆ

ಮೀರಜಿನಲ್ಲಿ ನನ್ನದೊಂದು ಫ್ರೇಮಿನ ಅಂಗಡಿ. ದೇವರುಗಳಿಗೆ, ತೀರಿಹೋದ ಅಜ್ಜಂದಿರಿಗೆ, ಪದವಿ ಪಡೆದ ಹುಡುಗರಿಗೆ ಗಾಜು ಹಾಕುತ್ತಲೇ ನನ್ನ ತಲೆ ನೆರೆಯಿತು. ಅವರ್ಯಾರೂ ನನಗೆ ತೊಂದರೆ ಕೊಟ್ಟವರಲ್ಲ. ಕೊಟ್ಟವಳು ದಾನೇಶ್ವರಿ ಒಬ್ಬಳೇ. ಅವಳು ಮಾಡುವ ಚಿತ್ರಕ್ಕೆ ಕಣ್ಣಿಲ್ಲ, ಮೂಗಿಲ್ಲ, ತೂಕ ಮಾತ್ರ ಇಬ್ಬರು ಹೊರುವಷ್ಟು.

ಅವಳ ಅಪ್ಪ ಸತ್ಯಪ್ಪ ಕುಪವಾಡದ ಕಾರ್ಖಾನೆಗಳ ವಸಾಹತು ಎಂಐಡಿಸಿಯಲ್ಲಿ, ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕೂಲಿ. ಅವನು ತಂದುಕೊಡುವ ಸುಟ್ಟ ಕಪ್ಪು ಮರಳನ್ನು ಅಂಟಿನಲ್ಲಿ ಕಲಸಿ ಪ್ಲೈವುಡ್ಡಿಗೆ ಮೆತ್ತುತ್ತಾಳೆ. ಅದರ ಮೇಲೆ ಲೇಥ್ ಯಂತ್ರದಿಂದ ಉದುರಿದ ಕಬ್ಬಿಣದ ಸುರುಳಿ, ಅರಿಷಿಣದ ಚೀಲದ ನಾರು, ಆಮೇಲೆ ಬಣ್ಣ.

“ಇದೇನವಾ ಇದು?” ಎಂದು ಮೊದಲ ಸಲ ಕೇಳಿದ್ದೆ.

“ಏನೂ ಅಲ್ಲರಿ ಕಾಕಾ. ಸುಮ್ಮ ನೋಡ್ರಿ.”

ಸುಮ್ಮನೆ ನೋಡಿದೆ. ನೋಡನೋಡುತ್ತ ಹಿಡಿಸಿಬಿಟ್ಟಿತು. ಹಾಗಂತ ಅವಳ ಮುಂದೆ ಹೇಳಲಿಲ್ಲ, ತಲೆ ಮೇಲೆ ಕೂತಾಳು ಎಂದು.

ಇಂಡಿ ಕಡೆಯಿಂದ ದುಡಿಯಲು ಬಂದ ಮನೆ ಅವರದು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ದಾನೇಶ್ವರಿ ವಿಶ್ರಾಮಬಾಗದಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ. ಈ ಚಳಿಗಾಲದಲ್ಲಿ ಅಲ್ಲಿಯೇ ಒಂದು ಸಣ್ಣ ಹಾಲ್‌ನಲ್ಲಿ ಅವಳೊಬ್ಬಳದೇ ಪ್ರದರ್ಶನವೆಂದು ನಿಗದಿಯಾಯಿತು. ಅವಳಿಗಿದ್ದ ಆಸೆ ಒಂದೇ. ಅವ್ವ ಬಂದು ನೋಡಬೇಕು. ಅವ್ವ ತಂಗೆವ್ವ ಅಲ್ಲಿಯವರೆಗೆ ಮಗಳ ಚಿತ್ರದ ಬಗ್ಗೆ ಒಳ್ಳೆಯದೆಂದೂ ಅಂದವಳಲ್ಲ, ಕೆಟ್ಟದ್ದೆಂದೂ ಅಂದವಳಲ್ಲ.

ಎಲ್ಲಕ್ಕಿಂತ ದೊಡ್ಡ ಚಿತ್ರಕ್ಕೆ ದಾನೇಶ್ವರಿ ಟ್ರಂಕಿನೊಳಗಿನ ಹಳೆಯ ಕೌದಿ ಕೇಳಿದಳು. ತಂಗೆವ್ವನ ಮದುವೆಯಲ್ಲಿ ಅವಳ ತಾಯಿ ತನ್ನ ಸೀರೆಗಳನ್ನೇ ಹರಿದು ಹೊಲಿದುಕೊಟ್ಟ ಕೌದಿ.

“ತಗೋ. ನಿನಗಲ್ದ ಇನ್ಯಾರಿಗಿ?” ಎಂದು ತಂಗೆವ್ವ ಕೊಟ್ಟಳು.

ಹುಡುಗಿ ಅಂಗಳದಲ್ಲಿ ಹಾಸಿ ಹೊಲಿಗೆ ಬಿಚ್ಚತೊಡಗಿದಳು. ಕೊನೆಯ ಮೂಲೆ ಬಿಚ್ಚಿದಾಗ ಒಳಗಿಂದ ಕರ್ರಗೆ ಒಣಗಿದ ಏನೋ ಪುಡಿಪುಡಿಯಾಗಿ ಉದುರಿತು. ಇಲಿಯ ಕೆಲಸ ಎಂದುಕೊಂಡು ಅದನ್ನು ಗುಡಿಸಿ ಗಟಾರಕ್ಕೆ ಚೆಲ್ಲಿದಳು. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ತಂಗೆವ್ವ ನೋಡಿದಳು, ಮೊರ ಅಲ್ಲಿಯೇ ಬಿಟ್ಟು ಒಳಗೆ ಹೋದಳು. ಅಂದಿನಿಂದ ಮಗಳ ಜೊತೆ “ಉಣ್ಣು”, “ಬಾಗಲಾ ಹಾಕು”, ಅಷ್ಟೇ ಮಾತು.

“ಹರೀತೀನಿ ಅಂತ ಹೇಳೇ ತಗೊಂಡಿದ್ದೆ ಕಾಕಾ. ಈಗ ಸಿಟ್ಟಾದ್ರ ನಾ ಏನ ಮಾಡ್ಲಿ?” ಎಂದು ಹುಡುಗಿ ನನ್ನ ಅಂಗಡಿಯಲ್ಲಿ ಕೂತು ಅತ್ತಳು.

“ಎಲ್ಲಾ ಸರಿ ಆಗ್ತದ ತಗೋ,” ಎಂದೆ. ಏನೂ ಗೊತ್ತಿಲ್ಲದವರು ಹೇಳುವ ಮಾತು ಅದೇ ತಾನೆ?

ಉದ್ಘಾಟನೆಯ ದಿನ ಬೆಳಿಗ್ಗೆ ಅವರ ಮನೆಯಿಂದ ಚಿತ್ರಗಳನ್ನು ಟೆಂಪೋಗೆ ಹೇರಿಕೊಂಡು ಹೊರಟೆವು. ತಂಗೆವ್ವ ಹತ್ತಲಿಲ್ಲ. “ಮನ್ಯಾಗ ಕೆಲಸ ಐತಿ” ಎಂದಳು. ದಾನೇಶ್ವರಿ ದಾರಿಯುದ್ದಕ್ಕೂ ಹಿಂದೆ ನೋಡುತ್ತಲೇ ಬಂದಳು.

ಕೌದಿಯ ಚಿತ್ರವನ್ನು ಎದುರಿನ ಗೋಡೆಗೆ ಏರಿಸಿದೆವು. ಕಪ್ಪು ಮರಳಿನ ನಡುವಿನಿಂದ ಅಜ್ಜಿಯ ಸೀರೆಗಳ ಮಾಸಿದ ಕೆಂಪು, ಹಸಿರು. ಕೌದಿಯ ಮೂಲೆಗಳನ್ನು ಅಂಟಿಸದೆ ಹಾಗೇ ಇಳಿಬಿಟ್ಟಿದ್ದಳು. ಅದರಲ್ಲಿ ಒಂದು ಮೂಲೆ ಉಬ್ಬಿಕೊಂಡಿತ್ತು. ಬಟ್ಟೆ ಒಳಗೆ ಮುದ್ದೆಯಾಗಿದೆ, ಜನ ಬರುವ ಹೊತ್ತಾಯಿತು ಎಂದು ನನಗೆ ರೇಗಿತು. ಚೀಲದಿಂದ ಚಾಕು ತೆಗೆದು ಮೂಲೆಗೆ ಹಿಡಿದೆ.

“ಕಾಕಾ, ಥಾಂಬಾ!” ಗಾಬರಿಯಲ್ಲಿ ದಾನೇಶ್ವರಿಯ ಬಾಯಿಗೆ ಮರಾಠಿಯೇ ಬಂತು. ನನ್ನ ಕೈ ಹಿಡಿದು ನಿಲ್ಲಿಸಿದಳು.

ಮೂಲೆಗೆ ಹೊಸ ಬಿಳಿ ದಾರ. ಸಣ್ಣ ಸಣ್ಣ, ಒತ್ತೊತ್ತಾದ ಹೊಲಿಗೆ. “ಇದು ಅವ್ವನ ಕೈ,” ಎಂದಳು. ಮುಟ್ಟಿದಳು, ಮೂಗಿಗೆ ಹಿಡಿದಳು. “ರೊಟ್ಟಿ ವಾಸನಿ ಬರ್ತೈತಿ.”

ಆಗ ನನಗೆ ನಮ್ಮವ್ವ ನೆನಪಾದಳು. ನಮ್ಮ ಕಡೆ ಕೌದಿ ಮನೆ ಬಿಟ್ಟು ಹೋಗುವಾಗ ಹಸಿದು ಹೋಗಬಾರದು. ಕಡೆಯ ಮೂಲೆಯನ್ನು ಹೊಲಿಯದೆ ಬಿಟ್ಟು, ಒಂದು ತುಣುಕು ರೊಟ್ಟಿ, ಚೂರು ಬೆಲ್ಲ ಇಟ್ಟು, ಆಮೇಲೆ ಹೊಲಿಗೆ ಹಾಕುತ್ತಾರೆ. ಇದನ್ನು ಹೇಳಿದೆ. ಹುಡುಗಿ ನೆಲಕ್ಕೇ ಕೂತುಬಿಟ್ಟಳು.

“ನಮ್ಮಜ್ಜಿ ಇಟ್ಟ ರೊಟ್ಟಿ ಕಾಕಾ. ನಾ ಗಟಾರಕ್ಕ ಚೆಲ್ಲಿದೆ.”

ಅತ್ತು ಮುಗಿಸಿ ಫೋನ್ ಮಾಡಿದಳು. “ಅವ್ವಾ, ನೀ ಬರೋತನಾ ಇಲ್ಲಿ ದೀಪಾ ಹಚ್ಚೂದಿಲ್ಲ,” ಎಂದವಳೇ ಇಟ್ಟುಬಿಟ್ಟಳು.

ಮುಖ್ಯ ಅತಿಥಿ ಬಂದರು, ಚಹಾ ಕುಡಿದರು, ಮತ್ತೊಮ್ಮೆ ಕುಡಿದರು. ಅಷ್ಟರಲ್ಲಿ ಬೆಲ್ಲದ ಸುದ್ದಿ ಇರುವೆಗಳಿಗೂ ಮುಟ್ಟಿ, ಅವು ಕಿಟಕಿಯಿಂದ ಬಿಳಿ ಗೋಡೆಯ ಮೇಲೆ ಸಾಲು ಹಿಡಿದು ಬಂದವು. ಕೊಲ್ಹಾಪುರದವರೊಬ್ಬರು ಬಗ್ಗಿ ಆ ಸಾಲಿನ ಫೋಟೋ ತೆಗೆದುಕೊಂಡು, ಬಹಳ ಧೈರ್ಯದ ಕಲ್ಪನೆ ಎಂದು ಮೆಚ್ಚಿದರು.

ಕಡೆಗೂ ಸತ್ಯಪ್ಪನ ಬೈಕಿನ ಹಿಂದೆ ಕೂತು ತಂಗೆವ್ವ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು, ಕೈಯಲ್ಲೊಂದು ಬಟ್ಟೆಯ ಚೀಲ. ಯಾರ ಕಡೆಗೂ ನೋಡದೆ ನೆಟ್ಟಗೆ ಚಿತ್ರದ ಹತ್ತಿರ ಹೋಗಿ ಸೆರಗಿನಿಂದ ಇರುವೆ ಸರಿಸಿದಳು. ಆಮೇಲೆ ಹಿಂದೆ ಸರಿದು ನಿಂತು ಇಡೀ ಚಿತ್ರವನ್ನು ಬಹಳ ಹೊತ್ತು ನೋಡಿದಳು.

“ಈ ಹಸರು, ನಮ್ಮವ್ವ ಹೊಲಕ್ಕ ಹೋಗೂಮುಂದ ಉಡತಿದ್ದ ಸೀರಿ,” ಎಂದಳು. “ಚೆಂದ ಕಾಣತೈತಿ.”

“ಅವ್ವಾ, ನನಗ ಗೊತ್ತಿರಲಿಲ್ಲ.”

“ನಾ ಹೇಳಿದ್ದರ ತಾನ ನಿನಗ ಗೊತ್ತಾಗೂದು?” ತಂಗೆವ್ವ ಮಗಳ ಗಲ್ಲ ಒರೆಸಿ ಮುಖ ನೋಡಿದಳು. “ಮುಂಜಾನಿಂದ ಏನರ ತಿಂದೀ?”

ದಾನೇಶ್ವರಿ ಇಲ್ಲವೆಂದು ತಲೆ ಅಲ್ಲಾಡಿಸಿದಳು.

ತಂಗೆವ್ವ ಚೀಲದಿಂದ ರೊಟ್ಟಿ ತೆಗೆದಳು. ಪೂರ್ತಿ ರೊಟ್ಟಿಯಲ್ಲ. ಅಂಚಿನಲ್ಲಿ ಒಂದು ತುಣುಕು ಮುರಿದ ರೊಟ್ಟಿ. ಮುಖ್ಯ ಅತಿಥಿ ಕಡ್ಡಿಪೆಟ್ಟಿಗೆ ಹಿಡಿದು ದೀಪದ ಹತ್ತಿರ ಕಾಯುತ್ತಿದ್ದರು. ಕಾಯಲಿ. ಹುಡುಗಿ ಚಿತ್ರದ ಕೆಳಗೆ ನಿಂತುಕೊಂಡೇ ಅದನ್ನು ಪೂರ್ತಿ ತಿಂದಳು.