ಆಶಾರಾಣಿ ಹೊಲಿದ ಕುಲಾವಿ

ಭಾರತೀನಗರದಲ್ಲಿ, ಅಂದರೆ ಎಲ್ಲರ ಬಾಯಲ್ಲಿ ಕೆ.ಎಂ.ದೊಡ್ಡಿಯಲ್ಲಿ, ಆಶಾರಾಣಿಯ ಮನೆಗೆ ಮಧ್ಯಾಹ್ನ ಎರಡರಿಂದ ಮೂರೂವರೆಯೊಳಗೆ ಯಾರೂ ಹೋಗುತ್ತಿರಲಿಲ್ಲ. ಹೋದರೂ ಅವಳು ಬಾಗಿಲು ತೆಗೆಯುತ್ತಿರಲಿಲ್ಲ, ಆ ಮಾತು ಬೇರೆ. ಆ ಒಂದೂವರೆ ಗಂಟೆ ಅವಳದು. ಅದನ್ನು ಯಾರೂ ಅವಳಿಗೆ ಕರೆದು ಕೊಟ್ಟದ್ದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಮುಸುರೆ ತಿಕ್ಕುವ ಮಧ್ಯೆ ಐದು ನಿಮಿಷ, ರಾಗಿ ಮಿಲ್ಲಿನಲ್ಲಿ ಕಾಯುವಾಗ ಹತ್ತು ನಿಮಿಷ, ಹೀಗೆ ಕದ್ದು ಕದ್ದು ಕೂಡಿಸಿ, ಅತ್ತೆ ಚಿಕ್ಕನಂಜಮ್ಮನ ಬಾಯಿಗೆ ಬಿದ್ದು ಎದ್ದು, ಇಪ್ಪತ್ತಾರು ವರ್ಷದಲ್ಲಿ ಗಳಿಸಿಕೊಂಡದ್ದು.

ಆ ಹೊತ್ತಿನಲ್ಲಿ ಅವಳು ಚಿತ್ರ ಬರೆಯುತ್ತಿದ್ದಳು, ಬಣ್ಣ ಹಚ್ಚುತ್ತಿದ್ದಳು, ಹೊಲಿಯುತ್ತಿದ್ದಳು. ಸೀರೆ ಡಬ್ಬದ ರಟ್ಟಿನ ಮೇಲೆ ಕಬ್ಬಿನ ಗಾಡಿ, ಶಿಂಷಾ ಹೊಳೆಯ ಬಂಡೆ, ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವ ಮುದುಕಿ. ದಿಂಬಿನ ಕವರಿನ ಮೇಲೆ ದಾರದ ಗಿಳಿ. ಒಂದನ್ನೂ ಮಾರಲಿಲ್ಲ, ಯಾವ ಸ್ಪರ್ಧೆಗೂ ಕಳಿಸಲಿಲ್ಲ. ಗಂಡ ಮಹದೇವಸ್ವಾಮಿ ಆತಗೂರಿನ ಕಡೆ ಒಂದು ಶಾಲೆಯಲ್ಲಿ ಗುಮಾಸ್ತ. "ಇದರಿಂದ ಏನು ಬರುತ್ತೆ?" ಎಂದು ಒಮ್ಮೆ ಕೇಳಿದ್ದ. "ಉಸಿರು ಬರುತ್ತೆ" ಎಂದಿದ್ದಳು. ಪಾಪದ ಮನುಷ್ಯ, ಆಮೇಲೆ ಕೇಳಲಿಲ್ಲ.

ಇಂಥ ಹೆಂಗಸು ಒಂದು ಕುಲಾವಿ ಹೊಲಿದಳು. ಅಲ್ಲಿಂದ ಶುರುವಾಯಿತು ನೋಡಿ.

ಒಬ್ಬಳೇ ಮಗಳು ನಾಗಶ್ರೀ. ಅವಳನ್ನು ಹಲಗೂರಿಗೆ ಕೊಟ್ಟಿತ್ತು. ಮೊದಲ ಬಸಿರು ನಾಲ್ಕನೇ ತಿಂಗಳಿಗೇ ಹೋಯಿತು. ಎರಡನೆಯದು ನಿಂತು, ಏಳು ತುಂಬಿ, ಸೀಮಂತ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಬಂದಳು. ಅವಳು ಬಂದಾಗಿನಿಂದ ಮನೆಯಲ್ಲಿ ಯಾರೂ ಜೋರಾಗಿ ಬಾಗಿಲು ಕೂಡ ಹಾಕುತ್ತಿರಲಿಲ್ಲ.

ಈ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಕೂಸು ಭೂಮಿಗೆ ಬೀಳುವವರೆಗೆ ಅದರ ಹೆಸರಲ್ಲಿ ಒಂದು ಚೂರು ಬಟ್ಟೆಯೂ ತಯಾರಾಗಬಾರದು. ತೊಟ್ಟಿಲು ತರಬಾರದು, ಅಂಗಿ ಹೊಲಿಯಬಾರದು. ಹುಟ್ಟಿದ ಮೇಲೂ ಮೊದಲು ಸುತ್ತುವುದು ಅಜ್ಜಿಯ ಹಳೇ ಸೀರೆ, ತಾತನ ಹಳೇ ಪಂಚೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರು ಅಂತ ನಾವೆಲ್ಲ ಮಾತಿಗೆ ಆಡುತ್ತೇವಲ್ಲ, ಊರಿಗೆಲ್ಲ ಅದು ಬರೀ ಗಾದೆ. ಚಿಕ್ಕನಂಜಮ್ಮನಿಗೆ ಕಾನೂನು. ಆಶಾರಾಣಿಗೆ ಇದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಕೈ ಕೇಳಬೇಕಲ್ಲ!

ತನ್ನ ಧಾರೆ ಸೀರೆಯ ಕೆಂಪು ಅಂಚು, ಒಳಗೆ ಮೆತ್ತನೆಯ ಹತ್ತಿ ಬಟ್ಟೆ, ಗಲ್ಲದ ಕೆಳಗೆ ಕಟ್ಟಲು ಎರಡು ಲಾಡಿ, ಹಣೆಯ ಮೇಲೆ ಎದುರುಬದುರು ಎರಡು ಹಸಿರು ಗಿಳಿ. ಎರಡನೇ ಗಿಳಿಯ ಕತ್ತಿನ ಹತ್ತಿರ ಸೂಜಿ ಜಾರಿ ಬೆರಳಿಗೆ ಹೊಕ್ಕಿತು. ಒಂದು ಹನಿ ರಕ್ತ ಬಟ್ಟೆಗಿಳಿಯಿತು. ತೊಳೆದರೆ ದಾರದ ಬಣ್ಣ ಬಿಟ್ಟೀತೆಂದು ಅದರ ಮೇಲೆಯೇ ಕೆಂಪು ದಾರ ಓಡಿಸಿ ಗಿಳಿಗೆ ಕತ್ತುಪಟ್ಟಿ ಮಾಡಿದಳು. ಮಾಡಿದ ಮೇಲೆ ಅದು ಅವಳಿಗೆ ತುಂಬ ಹಿಡಿಸಿತು, ದೇವರೇ.

ಹೊಲಿಯಲು ಕೂತ ಹದಿನಾರನೆಯ ದಿನ, ದೀಪದ ಬತ್ತಿಗೆ ಚೂರು ಬಟ್ಟೆ ಹುಡುಕುತ್ತ ಚಿಕ್ಕನಂಜಮ್ಮ ಸೊಸೆಯ ಹೊಲಿಗೆ ಪೆಟ್ಟಿಗೆಗೆ ಕೈ ಹಾಕಿದಳು.

"ಇದು ಯಾರ್ ತಲೇಗ್ ಕಣಮ್ಮ?"

ಪಕ್ಕದ ಮನೆಯವರದು ಎನ್ನಲು ಆಶಾರಾಣಿ ಬಾಯಿ ತೆರೆದಳು. ಕಣ್ಣು ಮಗಳ ಕೋಣೆಯ ಕಡೆ ಹೋಗಿ ಸುಳ್ಳನ್ನು ಕೆಡಿಸಿತು.

ಬೈದಿದ್ದರೆ ವಾಸಿಯಿತ್ತು. ಮೂರು ಬೀದಿಗೆ ಕೇಳುವ ಗಂಟಲಿನ ಮುದುಕಿ ಅವತ್ತು ದನಿಯನ್ನೇ ಏರಿಸಲಿಲ್ಲ. ಕುಲಾವಿಯನ್ನು ಎರಡು ಬೆರಳಲ್ಲಿ ಎತ್ತಿ ಚಾಪೆಯ ಮೇಲೆ ಬಿಟ್ಟು, "ಒತ್ತು ಮುಳ್ಗದ್ರೊಳ್ಗೆ ಇದ್ನ ನೀರೊಲೆಗಾಕು" ಎಂದಷ್ಟೇ ಹೇಳಿ ಹೊರಗೆ ಹೋದಳು.

"ಆಯ್ತು ಅತ್ತೆ" ಎಂದಳು ಆಶಾರಾಣಿ. ಹಾಕಲಿಲ್ಲ. ಹದಿನಾರು ಮಧ್ಯಾಹ್ನ ಅದರಲ್ಲಿತ್ತು. ನಾಳೆ ಬೆಳಕಿನಲ್ಲಿ ಒಂದು ಸಲ ನೋಡಿ ಸುಟ್ಟರಾಯಿತು ಎಂದು ಟ್ರಂಕಿನ ತಳಕ್ಕೆ ತುರುಕಿದಳು. ಅವಳು ಮಾಡಿದ ತಪ್ಪು ಇಷ್ಟೆ.

ಮಾರನೆಯ ಬೆಳಿಗ್ಗೆ ನಾಗಶ್ರೀ ತಟ್ಟೆಯ ಮುಂದೆ ಕೂತವಳು ತುತ್ತು ಎತ್ತಲಿಲ್ಲ. "ಅಮ್ಮ, ನಿನ್ನೆ ಸಾಯಂಕಾಲದಿಂದ ಇದು ಒದೀತಾನೇ ಇಲ್ಲ ಕಣೆ" ಎಂದಳು.

ಕಾರು ಮಾಡಿಸಿಕೊಂಡು ಮಂಡ್ಯಕ್ಕೆ ಹೊರಟರು. ದಾರಿಯುದ್ದಕ್ಕೂ ಕಬ್ಬಿನ ಲಾರಿಗಳು ಅಡ್ಡ. ಹಿಂದಿನ ಸೀಟಿನ ನಡುವೆ ನಾಗಶ್ರೀ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದ್ದಳು. ಅವಳ ತಲೆಯ ಮೇಲಿಂದ ಚಿಕ್ಕನಂಜಮ್ಮ ಸೊಸೆಯ ಕಡೆ ನೋಡಿ ಮೆಲ್ಲಗೆ ಕೇಳಿದಳು: "ನೀರೊಲೆಗಾಕುದ್ಯಾ?"

ಆಶಾರಾಣಿ ಇಲ್ಲವೆಂದು ತಲೆಯಾಡಿಸಿದಳು. ಮುದುಕಿ ಮುಖ ಕಿಟಕಿಯ ಕಡೆ ತಿರುಗಿಸಿದಳು. ಮಂಡ್ಯ ಬರುವವರೆಗೆ ಇತ್ತ ತಿರುಗಲಿಲ್ಲ.

"ನೀರು ತುಂಬಾ ಕಮ್ಮಿಯಾಗಿದೆ, ಮಗು ಎದೆಬಡಿತ ಇಳೀತಿದೆ" ಎಂದರು ಡಾಕ್ಟರಮ್ಮ. "ಈಗಲೇ ಆಪರೇಷನ್ ಮಾಡ್ಬೇಕು. ತಿಂಗಳು ತುಂಬಿಲ್ಲ. ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ. ಒಂದೆರಡು ವಾರದಿಂದಲೇ ನೀರು ಕಮ್ಮಿಯಾಗ್ತಾ ಬಂದಿರಬೇಕು."

ಒಂದೆರಡು ವಾರ. ಆಶಾರಾಣಿ ಲೆಕ್ಕ ಹಾಕಿದಳು. ಹದಿನಾರು ದಿನ. ತಾನು ಅಂಚು ಕತ್ತರಿಸಿದ ದಿನವೇ ಒಳಗೆ ನೀರು ಇಳಿಯಲು ಶುರುವಾಗಿದೆ.

ಹರಕೆ ಎಂದರೆ ಎಲ್ಲರೂ ಮುಡಿ ಕೊಡುತ್ತಾರೆ, ಉರುಳುಸೇವೆ ಮಾಡುತ್ತಾರೆ. ಆಪರೇಷನ್ ಕೋಣೆಯ ಎದುರಿನ ಗೋಡೆಗೆ ಹಣೆಯೊತ್ತಿ ನಿಂತ ಆಶಾರಾಣಿಗೆ ಅದು ಸಾಲದು ಅನ್ನಿಸಿತು. ಕೂದಲೇನು, ಮತ್ತೆ ಬೆಳೆಯುತ್ತದೆ. 'ನಮ್ಮಪ್ಪಾ ಮಾದಪ್ಪ, ಸೂಜಿ ಮುಟ್ಟಲ್ಲ. ಬ್ರಷ್ ಮುಟ್ಟಲ್ಲ. ಪೆನ್ಸಿಲ್ ಮುಟ್ಟಲ್ಲ. ಬೆರಳಲ್ಲಿ ಒಂದು ಗೆರೆ ಕೂಡ ಎಳೆಯಲ್ಲ. ನಾನಿರೋವರೆಗೂ ಇಲ್ಲ. ಕೂಸನ್ನು ಉಳಿಸಿಕೊಡು.'

ಬಾಗಿಲ ಆಚೆ ಒಂದು ಸಣ್ಣ ಅಳು ಕೇಳಿಸಿತು.

ಹೆಣ್ಣು ಕೂಸು. ಒಂದು ಕೆಜಿ ಎಂಟುನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕೂಸಿಗೆ ಸುತ್ತಲು ಹಳೇ ಸೀರೆ ತರುತ್ತೇನೆಂದು ಆಶಾರಾಣಿ ಒಬ್ಬಳೇ ಮನೆಗೆ ಬಂದಳು. ಮೊದಲು ಕುಲಾವಿಯನ್ನು ನೀರೊಲೆಗೆ ಹಾಕಿದಳು. ಆಮೇಲೆ ರಟ್ಟುಗಳು, ಡ್ರಾಯಿಂಗ್ ಪುಸ್ತಕಗಳು, ದಿಂಬಿನ ಕವರುಗಳು, ದಾರದ ಉಂಡೆಗಳು. ಇಪ್ಪತ್ತಾರು ವರ್ಷ ಚೆನ್ನಾಗಿಯೇ ಉರಿಯಿತು. ಹಂಡೆಯ ನೀರು ಕುದಿಯಿತು. ಅದೇ ನೀರಲ್ಲಿ ತಲೆಗೆ ಮಿಂದು ಆಸ್ಪತ್ರೆಗೆ ಹೋದಳು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆಂದು ಯಾರಿಗೂ ಹೇಳಲಿಲ್ಲ.

ಮೂರು ವಾರದ ಮೇಲೆ ಮಗು ಮನೆಗೆ ಬಂತು. ಗಗನ ಎಂದು ಹೆಸರಿಟ್ಟರು. ಮನೆಯೆಲ್ಲ ನಗು. ಆಶಾರಾಣಿಯೊಬ್ಬಳು ಮಾತ್ರ ಎರಡು ಗಂಟೆ ಹೊಡೆದರೆ ಹೆದರುತ್ತಿದ್ದಳು. ಕೈ ಸುಮ್ಮನಿರುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು. ಬಾಗಿಲಿಗೆ ರಂಗೋಲಿ ಬಿಡುವುದೂ ಗೆರೆ ಎಳೆಯುವುದೇ ತಾನೆ? ಬರೀ ನೀರು ಚಿಮುಕಿಸಿ ಒಳಗೆ ಬರುತ್ತಿದ್ದಳು. ಹಬ್ಬದ ದಿನವೂ ಬೋಳು ಬಾಗಿಲು ನೋಡಿ ಬೀದಿಯವರು ಏನೇನೋ ಆಡಿಕೊಂಡರು.

ನಾಗಶ್ರೀ ಒಂದು ದಿನ ಹಸಿರು ಬಟ್ಟೆ ತಂದು ಮುಂದಿಟ್ಟಳು. "ಅಮ್ಮ, ಪಾಪುಗೆ ಒಂದು ಲಂಗ ಹೊಲಿ. ಅಂಚಿಗೆ ನಿನ್ನ ಗಿಳಿ ಹಾಕು."

"ಅಂಗಡೀಲಿ ತಗೋ. ಚೆನ್ನಾಗಿರೋದು ಸಿಗುತ್ತೆ."

"ಕಂಡೋರ ದಿಂಬಿಗೆಲ್ಲ ಹಾಕಿಕೊಟ್ಟೆ. ನನ್ನ ಮಗಳಿಗೆ ಅಂದ್ರೆ ಕೈ ಬರಲ್ವಾ?"

ಆಶಾರಾಣಿ ಎದ್ದು ಅಡುಗೆ ಮನೆಗೆ ಹೋದಳು. ಎರಡು ದಿನ ಮಗಳು ಅವಳ ಹತ್ತಿರ ಮಾತಾಡಲಿಲ್ಲ.

ಮೂರೂವರೆ ತಿಂಗಳ ಇಂಜೆಕ್ಷನ್ ಹಾಕಿಸಿಕೊಂಡು ಬಂದ ದಿನ ನಾಗಶ್ರೀ ಮಲಗಿದ್ದಳು. ಆಶಾರಾಣಿ ಮಗುವಿನ ಒದ್ದೆ ಬಟ್ಟೆ ಬದಲಿಸುತ್ತಿದ್ದಳು. ಪೌಡರ್ ಡಬ್ಬಿ ಉರುಳಿ ಕಡಪ ಕಲ್ಲಿನ ಕಪ್ಪು ನೆಲದ ಮೇಲೆಲ್ಲ ಚೆಲ್ಲಿತು. ಒರೆಸಲು ಬಗ್ಗಿದಳು. ಬೆರಳು ತಾನಾಗಿ ಓಡಿತು. ಒಂದು ಬಾಲ, ಒಂದು ಕೊಕ್ಕು, ಒಂದು ಕಣ್ಣು. ಮಗು ಅದನ್ನು ನೋಡಿ ಕೈಕಾಲು ಬಡಿದು, ಹುಟ್ಟಿದ ಮೇಲೆ ಮೊದಲ ಸಲ ದನಿ ಮಾಡಿ ನಕ್ಕಿತು. ಇವಳೂ ನಕ್ಕಳು. ಆಮೇಲೆ ಬಿಳಿಯಾದ ತನ್ನ ಬೆರಳನ್ನು ನೋಡಿದಳು.

ಸೆರಗಿನಿಂದ ನೆಲ ತಿಕ್ಕಿ ತಿಕ್ಕಿ ಒರೆಸಿದಳು. ನಾಲ್ಕು ಗಂಟೆಗೆ ಮಗುವಿನ ಮೈ ಸುಡುತ್ತಿತ್ತು.

"ಇಂಜೆಕ್ಷನ್ ಜ್ವರ ಅಮ್ಮ, ನರ್ಸು ಹೇಳಿರ್ಲಿಲ್ವಾ? ಡ್ರಾಪ್ಸ್ ಹಾಕಿದ್ರೆ ಇಳಿಯುತ್ತೆ" ಎಂದಳು ನಾಗಶ್ರೀ. ಆಶಾರಾಣಿಯ ಕಿವಿಗೆ ಅದು ಹೋಗಲಿಲ್ಲ. ದೇವರ ಪಟದ ಮುಂದೆ ಬಿದ್ದು ನೆಲಕ್ಕೆ ಹಣೆ ಚಚ್ಚಿಕೊಂಡಳು. ತಪ್ಪಾಯಿತು, ಮಾತು ತಪ್ಪಿದೆ, ಗೆರೆ ಎಳೆದುಬಿಟ್ಟೆ ಎಂದು ಅಷ್ಟು ದಿನ ಮುಚ್ಚಿಟ್ಟದ್ದನ್ನೆಲ್ಲ ಕೂಗಿ ಹೇಳಿದಳು. ನಾಗಶ್ರೀ ಮಗುವನ್ನು ಎದೆಗವುಚಿಕೊಂಡು ಬಾಗಿಲಲ್ಲೇ ಅಳುತ್ತ ನಿಂತಳು. ಚಿಕ್ಕನಂಜಮ್ಮ ಬಂದು ಸೊಸೆಯ ರಟ್ಟೆ ಹಿಡಿದು ಎತ್ತಿದಳು.

"ಥೂ ನಿನ್ನ! ಮಾದಪ್ಪಂಗೇನು ಬೇರೆ ಕೇಮೆ ಇಲ್ವಾ, ನಿನ್ ಬೆರಳ ಕಾಯ್ಕಂಡು ಕುಂತಿರಕ್ಕೆ?"

"ನೀವೇ ಅಲ್ವಾ ಅತ್ತೆ, ನೀರೊಲೆಗೆ ಹಾಕು ಅಂದೋರು?"

"ಅಂದೆ. ಎಂಬತ್ ವರ್ಸದ ಮುದ್ಕಿ, ನೂರೆಂಟ್ ಅಂತೀನಿ. ಕುಲಾವಿ ಸುಡು ಅಂದ್ನೇ ಒರ್ತು ಕೈಯ ಸುಡ್ಕೋ ಅಂದ್ನೇನಮ್ಮ?"

ಮುದುಕಿಯ ದನಿ ಒಡೆದಿತ್ತು. ಆಶಾರಾಣಿ ಅದನ್ನು ಇಪ್ಪತ್ತಾರು ವರ್ಷದಲ್ಲಿ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಜ್ವರ ಇಳಿಯಿತು. ಎರಡು ಗಂಟೆಗೆ ಚಿಕ್ಕನಂಜಮ್ಮ ನಾಗಶ್ರೀಯಿಂದ ಪೆನ್ಸಿಲ್ಲೊಂದು ಇಸಕೊಂಡು ಬಂದು ಸೊಸೆಯ ಪಕ್ಕ ಕೂತಳು. "ಬರಿಯಮ್ಮ ಆಸಾ. ಪಾಪ ಬಂದ್ರೆ ನನ್ ತಲೇಗಿರ್ಲಿ, ನಾನಂತೂ ಓಗೋಳು."

"ನಿಮ್ಮ ತಲೆಗೆ ಬರಲ್ಲ ಅತ್ತೆ. ಕೂಸಿನ ತಲೆಗೆ ಬರುತ್ತೆ."

ಮುದುಕಿ ಪೆನ್ಸಿಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದಳು.

ಐದು ತಿಂಗಳು ತುಂಬಿ ಹಲಗೂರಿಗೆ ಹೊರಡುವ ಹಿಂದಿನ ದಿನ ಮಗು ಆಶಾರಾಣಿಯ ತೊಡೆಯ ಮೇಲಿತ್ತು. ಅದು ಅವತ್ತು ಗಿಳಿ ಬರೆದ ಅವಳ ತೋರುಬೆರಳನ್ನು ಹಿಡಿದು ಎಳೆಯಿತು, ಅವಳ ಮುಖ ನೋಡಿತು, ಮತ್ತೆ ಎಳೆಯಿತು. ಆಶಾರಾಣಿ ಬೆರಳು ಬಿಡಿಸಿಕೊಂಡು ಮಗುವನ್ನು ಚಾಪೆಯ ಮೇಲೆ ಮಲಗಿಸಿದಳು. ಅದು ಸಂಕಟಪಟ್ಟು ಅತ್ತಿತು. ಅಳಲಿ, ಬದುಕಿ ಅಳಲಿ ಎಂದುಕೊಂಡು ಅವಳು ಎರಡೂ ಕೈಯನ್ನು ತೊಡೆಯಡಿಗೆ ತುರುಕಿಕೊಂಡು ಕೂತಳು.